ಪಂಚಾಯ್ತಿ ಬೆಂಕಿ

ಹಲ್ಸಿನಬೆಟ್ಟು ಗ್ರಾಮ ಪಂಚಾಯ್ತಿಯಲ್ಲಿ ಬೆಂಕಿ ಇಲ್ಲ. ಹಾಗೆಂದು ಪಂಚಾಯ್ತಿಯೇ ಬೋರ್ಡು ಹಾಕಿದೆ. ಹೆಮ್ಮಾಡಿಯಿಂದ ಒಳಗೆ ಬರುವ ಬಸ್ಸು ತಿರುಗಿಸುವ ಜಾಗದಲ್ಲಿ, ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ‘ಬೆಂಕಿಮುಕ್ತ ಗ್ರಾಮಕ್ಕೆ ಸ್ವಾಗತ. ಬಯಲಿನಲ್ಲಿ ಬೆಂಕಿ ಹಾಕುವುದು ದಂಡನೀಯ ಅಪರಾಧ.’ ಪಕ್ಕದಲ್ಲಿ ಅಧ್ಯಕ್ಷ ರವಿರಾಜರ ಫೋಟೋ. ಕೈ ಮುಗಿದುಕೊಂಡು ನಗುತ್ತಿದ್ದಾರೆ. ಯಾರಿಗೆ ಕೈ ಮುಗಿದದ್ದು, ಏನು ಕಂಡು ನಕ್ಕದ್ದು ಎಂದು ಬೋರ್ಡಿನಲ್ಲಿ ಬರೆದಿಲ್ಲ.

ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ ಎಂದು ಹಿರಿಯರು ಗಾದೆ ಮಾಡಿದ್ದರು. ಪಾಪ, ಅವರು ಹಲ್ಸಿನಬೆಟ್ಟು ನೋಡಿರಲಿಲ್ಲ. ಇಲ್ಲಿ ಬೆಂಕಿ ಇಲ್ಲ, ಹೊಗೆ ಧಾರಾಳ ಇದೆ.

ಕಾನೂನು ಕೆಟ್ಟದ್ದಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಕಸ ಸುಡಬಾರದು, ಪ್ಲಾಸ್ಟಿಕ್ ಸುಡಬಾರದು, ಗಾಳಿ ಕೆಡುತ್ತದೆ, ಜನರ ಉಸಿರು ಕೆಡುತ್ತದೆ. ಸರಕಾರ ಹೇಳಿತು, ಜಿಲ್ಲೆ ಹೇಳಿತು, ಕೊನೆಗೆ ಪಂಚಾಯ್ತಿಯೂ ಸಭೆ ಕರೆದು ಕೈ ಎತ್ತಿತು. ಬಯಲಲ್ಲಿ ಏನು ಹೊತ್ತಿಸುವುದಿದ್ದರೂ ಮೊದಲು ಅರ್ಜಿ. ಗಾಳಿ ಯಾವ ಕಡೆಗೆ, ಹತ್ತಿರದ ಮನೆ ಎಷ್ಟು ದೂರ, ನೀರು ಎಲ್ಲಿದೆ, ಎಲ್ಲ ಬರೆದು ಸಹಿ ಹಾಕಿಸಬೇಕು. ಅದೇ ತಿಂಗಳು ಅಧ್ಯಕ್ಷರ ಗೇರುಹಾಡಿಯಲ್ಲಿ ತರಗೆಲೆಯ ರಾಶಿ ಧಗಧಗ ಉರಿಯಿತು. ಅದು ಬೆಂಕಿ ಅಲ್ಲ, ಕೃಷಿ. ಕಲ್ಯಾಣ ಮಂಟಪದ ಹಿತ್ತಲಲ್ಲಿ ಊಟದ ತಟ್ಟೆ, ನೀರಿನ ಬಾಟಲಿ ಎಲ್ಲ ಸುಟ್ಟರು. ಶುಭಕಾರ್ಯದ ದಿನ ಯಾರಾದರೂ ಅಂಥದ್ದನ್ನು ಕೇಳುತ್ತಾರೆಯೇ? ಹೊಳೆ ಬದಿಯ ರೆಸಾರ್ಟಿನಲ್ಲಿ ಶನಿವಾರ ಶನಿವಾರ ಕಟ್ಟಿಗೆ ಒಟ್ಟಿ ಹೊತ್ತಿಸಿ ಸುತ್ತ ಕುಣಿಯುತ್ತಾರೆ, ಅದಕ್ಕೆ ಪ್ರವಾಸೋದ್ಯಮ ಎಂದು ಹೆಸರು. ಹೀಗೆ ಒಂದೊಂದೇ ಕಳೆಯುತ್ತ ಬಂದರೆ ಕಾನೂನಿನ ಕೈಗೆ ಸಿಗುವ ಬೆಂಕಿ ಊರಲ್ಲಿ ಉಳಿದದ್ದು ಒಂದೇ. ಅದು ಕೊರಗರ ಕಾಲೊನಿಯ ಚಂದುವಿನ ಬೆಂಕಿ.

ಚಂದುವಿನ ಬೆಂಕಿ ಎಷ್ಟು ದೊಡ್ಡದು ಅಂತೀರಿ? ಒಂದು ಹಿಡಿ ಒಣ ತೆಂಗಿನಗರಿ. ಡೋಲು ಕಾಯಿಸಲಿಕ್ಕೆ.

ಡೋಲೆಂದರೆ ಮರದ ಹೊಟ್ಟೆ, ಎರಡು ಬದಿಗೂ ಚರ್ಮ. ಕಡಲ ಗಾಳಿಗೆ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಬಡಿದರೆ ಅಕ್ಕಿ ಮೂಟೆಗೆ ಗುದ್ದಿದ ಹಾಗೆ. ಅದಕ್ಕೆ ಬಡಿಯುವ ಮೊದಲು ಸಣ್ಣ ಉರಿ ಮಾಡಿ, ಚರ್ಮವನ್ನು ಅದರ ಎದುರು ಹಿಡಿದು, ತಿರುಗಿಸುತ್ತ ಕಾಯಿಸಬೇಕು. ಬೆರಳಲ್ಲಿ ತಟ್ಟಿ ತಟ್ಟಿ ನೋಡಬೇಕು. ಚರ್ಮ ಬಿಗಿದುಕೊಂಡಾಗ ಡೋಲು ಬಾಯಿ ಬಿಡುತ್ತದೆ. ಚಂದುವಿನ ಅಪ್ಪ ಸೋಮ ಹಾಗೇ ಮಾಡುತ್ತಿದ್ದ. ಸೋಮನ ಅಪ್ಪನೂ ಹಾಗೇ. ಡೋಲು ಅವನ ಕಾಲದ್ದು.

ಆಗ ಕಂಬಳವಿರಲಿ, ಸಾವಿರಲಿ, ದೊಡ್ಡ ಮನೆಯವರು ಹೇಳಿಕಳಿಸಿದರೆ ಕೊರಗರು ಡೋಲು ಹೊತ್ತು ಹೋಗಲೇಬೇಕು. ಬೆಳಗಿನವರೆಗೆ ಬಡಿಯಬೇಕು. ಕೂಲಿ ಇಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಹಿತ್ತಲಲ್ಲಿ ಎಲೆ. ಅದಕ್ಕೆ ಅಜಲು ಎನ್ನುತ್ತಿದ್ದರು. ಸರಕಾರ ಕಾನೂನು ಮಾಡಿ ಅದನ್ನು ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯಿತು. ನಿಂತಿತು ಅಂದರೆ ಹೆಸರು ಬದಲಾಯಿತು. ಈಗ ಜಾನಪದ ಕಲೆ ಅನ್ನುತ್ತಾರೆ. ಎಲೆಯ ಬದಲು ಪೊಟ್ಟಣದಲ್ಲಿ ಪಲಾವು ಕೊಡುತ್ತಾರೆ. ಹಿತ್ತಲಲ್ಲೇ.

ಒಂದು ಮಾತ್ರ ಆಗಲೂ ಈಗಲೂ ಬದಲಾಗಲಿಲ್ಲ. ಮೆರವಣಿಗೆಯಲ್ಲಿ ಡೋಲು ಮುಂದೆ, ಊರು ಹಿಂದೆ. ಡೋಲನ್ನು ದಾಟಿ ಯಾರೂ ಮುಂದೆ ಹೋಗುವುದಿಲ್ಲ. ವರ್ಷವಿಡೀ ದಾರಿ ಬಿಟ್ಟು ಚರಂಡಿಗೆ ಇಳಿಯುವ ಕೊರಗ ಆ ಹೊತ್ತಿಗೆ ಮಾತ್ರ ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ದಾರಿ ಯಾವುದೆಂದು ಯಾರೂ ಕೇಳುವುದಿಲ್ಲ, ಡೋಲು ಹೋದದ್ದೇ ದಾರಿ.

ಚಂದುವಿಗೆ ಐವತ್ತು ದಾಟಿದೆ. ಕಾಡಿನ ಬೀಳು, ಅಂದರೆ ಬಳ್ಳಿ, ತಂದು ಬುಟ್ಟಿ ಹೆಣೆಯುತ್ತಾನೆ. ಬೀಳು ಸೀಳಿ ಸೀಳಿ ಅವನ ಕೈ ಒರಟು. ಬೈಸಿಕೊಂಡೂ ಬೈಸಿಕೊಂಡೂ ಬಾಯಿಯೂ ಒರಟು. ಹೆಂಡತಿ ಜಲಜ ಪಂಚಾಯ್ತಿಯ ಕಸದ ಶೆಡ್ಡಿನಲ್ಲಿ ಎರಡು ವರ್ಷ ದುಡಿದಳು. ಊರಿನವರು ಕಟ್ಟಿ ಎಸೆದ ಕಸವನ್ನು ಬರಿಗೈಯಲ್ಲಿ ಬಿಚ್ಚಿ, ಬಾಟಲಿ ಬೇರೆ, ಮಕ್ಕಳ ಹೇಲಿನ ಚಡ್ಡಿ ಬೇರೆ, ಹೆಂಗಸರ ಬಟ್ಟೆ ಬೇರೆ ಮಾಡುವ ಕೆಲಸ. ಒಂದು ದಿನ ರಬ್ಬರಿನ ಕೈಗವಸು ಕೊಟ್ಟರು. ಫೋಟೋ ತೆಗೆದರು. ಸಂಜೆ ವಾಪಸು ತೆಗೆದುಕೊಂಡರು. ಆಮೇಲೆ ಅವಳಿಗೆ ಕೆಮ್ಮು ಹಿಡಿಯಿತು. ನೋಡಲು ಬರುವವರ ಎದುರು ಕೆಮ್ಮಿದರೆ ಘಟಕದ ಮರ್ಯಾದೆ ಹೋಗುತ್ತದೆ, ನಾಳೆಯಿಂದ ಬರಬೇಡ ಎಂದರು. ಅವಳು ಮನೆಗೆ ಬಂದಳು. ಕಸವೂ ಅವಳ ಹಿಂದೆಯೇ ಬಂತು.

ಬಂದದ್ದು ಹೇಗೆಂದರೆ, ಕಾಲೊನಿ ಇರುವುದು ಹಳೆಯ ಕೆಂಪುಕಲ್ಲಿನ ಕೋರೆಯ ದಂಡೆಯಲ್ಲಿ. ಕಲ್ಲು ಕಡಿದು ಮುಗಿದು ಗುಂಡಿ ಉಳಿದಿತ್ತು. ಶೆಡ್ಡಿನಲ್ಲಿ ಯಾರಿಗೂ ಬೇಡವಾದದ್ದನ್ನೆಲ್ಲ ಟಿಪ್ಪರಿನಲ್ಲಿ ತಂದು ಆ ಗುಂಡಿಗೆ ಸುರಿಯತೊಡಗಿದರು. ಗುಂಡಿ ತುಂಬಿತು. ಮಳೆ ಬಂದರೆ ಎಲ್ಲ ತೇಲಿಕೊಂಡು ಕೆಳಗಿನ ಗದ್ದೆಗೆ ಹೋಗುತ್ತದೆ, ಗದ್ದೆ ದೊಡ್ಡವರದು. ಅದಕ್ಕೆ ಮಳೆ ಹಿಡಿಯುವ ಮೊದಲು ಸುಟ್ಟು ತಗ್ಗಿಸಬೇಕಲ್ಲ? ದಿನವೂ ನಸುಕಿಗೆ ಟಿಪ್ಪರು ಬಂದು ಒಂದು ಬದಿಗೆ ಬೆಂಕಿ ಕೊಟ್ಟು ಹೋಗುತ್ತಿತ್ತು. ಕಪ್ಪು ಹೊಗೆ ತೆವಳಿಕೊಂಡು ಮೊದಲು ಚಂದುವಿನ ಮನೆಯೊಳಗೆ ಬರುತ್ತಿತ್ತು. ಅನ್ನಕ್ಕೂ ಅದೇ ವಾಸನೆ, ಹಾಸಿಗೆಗೂ ಅದೇ ವಾಸನೆ. ಜಲಜ ಗೋಡೆಗೆ ಕೈ ಕೊಟ್ಟು ಬಗ್ಗಿ ನಿಂತು ಕೆಮ್ಮುತ್ತಿದ್ದಳು. ಕುಂದಾಪುರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಹೊಗೆಯಿಂದ ದೂರ ಇರಿ, ಇನ್ನು ಹೀಗೇ ಆದರೆ ಈ ಎದೆ ತಡೆಯುವುದಿಲ್ಲ ಎಂದರು. ದೂರ ಎಲ್ಲಿಗೆ ಹೋಗುವುದು ಎಂದು ಬರೆದುಕೊಡಲಿಲ್ಲ.

ಚಂದು ಪಂಚಾಯ್ತಿಗೆ ಹೋದ. ಬಿಲ್ ಕಲೆಕ್ಟರ್ ಅಶೋಕ್ ಕುರ್ಚಿಯಿಂದ ಏಳದೆ, ನಮ್ಮಲ್ಲಿ ಕಸ ಸುಡುವುದೇ ಇಲ್ಲವಲ್ಲ ಎಂದ. ಹಾಗಾದರೆ ಹೊಗೆ ಎಂಥದ್ದು ಎಂದು ಚಂದು ಕೇಳಿದ.

“ಅದ್ ಹೊಗಿ ಅಲ್ಲ ಮಾರಾಯ. ಇಬ್ನಿ.”

“ಮೇ ತಿಂಗ್ಳಗೆ ಇಬ್ನಿಯಾ?”

“ಹವಾಮಾನ ಬದ್ಲಾಯ್ತಲ. ಪೇಪರ್ ಓದುದಿಲ್ಯಾ ನೀನ್?”

ಆಫೀಸಿನಲ್ಲಿದ್ದವರೆಲ್ಲ ನಕ್ಕರು. ಚಂದುವೂ ನಕ್ಕ. ನಗದೆ ಏನು ಮಾಡುವುದು? ಇಬ್ಬನಿಗೆ ಕೆಮ್ಮುವ ಹೆಂಡತಿಯನ್ನು ಇಟ್ಟುಕೊಂಡ ಗಂಡಸು ಅವನೊಬ್ಬನೇ ಇರಬೇಕು.

ಮರುವಾರ ಕೊಕ್ಕರ್ಣೆಯಲ್ಲಿ ಅವನ ತಂಗಿ ಬೇಬಿಯ ಮಗಳ ಮದುವೆ. ಊರಿನವರಿಗೆ ಬಡಿಯುವುದು ಬೇರೆ, ನಮ್ಮವರಿಗೆ ಬಡಿಯುವುದು ಬೇರೆ. ನಮ್ಮ ಮನೆ ಹುಡುಗಿಯ ಮದುವೆಗೆ ಡೋಲು ಬಡಿದರೆ ಹಿತ್ತಲಿಗೆ ಹೋಗಬೇಕಾಗಿಲ್ಲ, ಅಂಗಳದ ನಡುವೆ ನಿಂತು ಬಡಿಯಬಹುದು. ಸೋದರಮಾವ ನಾನು, ನಾನೇ ಬಡಿಯುತ್ತೇನೆ ಎಂದು ಚಂದು ಮಾತು ಕೊಟ್ಟಿದ್ದ. ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಒಂದು ಹಿಡಿ ಗರಿ ಹೊತ್ತಿಸಿ, ಡೋಲು ತೊಡೆಯ ಮೇಲಿಟ್ಟುಕೊಂಡು ಕಾಯಿಸುತ್ತ ಕುಳಿತ. ಹಿಂದೆ ಕೋರೆಯಲ್ಲಿ ಪಂಚಾಯ್ತಿಯ ಇಬ್ಬನಿ ಆಕಾಶಕ್ಕೆ ಏರುತ್ತಿತ್ತು.

ಆ ಹೊತ್ತಿಗೆ ಅಶೋಕ್ ಬೈಕಿನಲ್ಲಿ ಬಂದ. ಅವನ ಹಿಂದೆ ಪಂಚಾಯ್ತಿಯ ನೀರಿನ ಟ್ಯಾಂಕರು. ಕಾಲೊನಿಯ ನಳ್ಳಿಯಲ್ಲಿ ನೀರಿಲ್ಲವೆಂದು ತಿಂಗಳಿಂದ ಕೇಳಿದರೂ ಬಾರದ ಟ್ಯಾಂಕರು ಅಂಗೈ ಅಗಲದ ಉರಿ ನಂದಿಸಲು ಓಡೋಡಿ ಬಂದಿತ್ತು. ಅಶೋಕ್ ಮೊದಲು ಫೋಟೋ ತೆಗೆದ. ಆಮೇಲೆ ಡ್ರೈವರ್ ಗಣಪನಿಗೆ ಪೈಪು ಬಿಡಲು ಹೇಳಿದ. ಗಣಪ ಹಿಂಜರಿದ. ಅಶೋಕ್ ಗದರಿದ. ಪೈಪಿನ ನೀರು ಬೆಂಕಿಗೆ ಬಿತ್ತು, ಬೂದಿಗೆ ಬಿತ್ತು, ಡೋಲಿಗೆ ಬಿತ್ತು, ಚಂದುವಿನ ಮುಖಕ್ಕೆ ಬಿತ್ತು. ಕಾದ ಚರ್ಮಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಕೇಳಬೇಡಿ. ಚಂದು ಡೋಲನ್ನು ಹೊಟ್ಟೆಯ ಕೆಳಗೆ ಮುಚ್ಚಿಕೊಂಡು ಬೋರಲು ಬಿದ್ದ. ಬೆನ್ನ ಮೇಲೆ ನೀರು ಸುರಿಯುತ್ತಲೇ ಇತ್ತು. ಕಾಲೊನಿಯ ಹೆಂಗಸರು ಕೊಡ ತಂದು ಆ ನೀರು ಹಿಡಿದುಕೊಳ್ಳಲು ಓಡಿದರು. ಅಶೋಕ್ ಅದನ್ನೂ ನಿಲ್ಲಿಸಿದ, ಇದು ಕುಡಿಯುವ ನೀರಲ್ಲ, ಬೆಂಕಿ ನಂದಿಸುವ ನೀರು ಎಂದ. ದಂಡದ ಚೀಟಿ ಹರಿದುಕೊಟ್ಟು ಹೋದ.

ಕೊಕ್ಕರ್ಣೆಯ ಮದುವೆಯಲ್ಲಿ ಬಾಡಿಗೆ ಸ್ಪೀಕರ್ ಹಾಡಿತು. ಮದುಮಗಳು ಮಾವನ ಕೈ ನೋಡಿದಳು. ಚಂದು ಅಂಗಳದ ಮೂಲೆಯಲ್ಲಿ ಬರಿಗೈಯಲ್ಲಿ ನಿಂತಿದ್ದ.

ಡೋಲನ್ನು ನೆರಳಲ್ಲಿ ಆರಿಸಿದ. ಹಗ್ಗ ಬಿಚ್ಚಿ ಮತ್ತೆ ಎಳೆದ. ಕಾಲಲ್ಲಿ ಒದ್ದು ಹಿಡಿದು, ಹಲ್ಲು ಕಚ್ಚಿ ಎಳೆದು, ಅಂಗೈ ಸುಲಿದುಹೋಯಿತು. ಚರ್ಮ ಒಡೆಯಲಿಲ್ಲ, ಅಷ್ಟೇ ಪುಣ್ಯ. ಆದರೆ ಸ್ವರ ಸತ್ತುಹೋಗಿತ್ತು. ಅದು ಬೆಂಕಿ ಕೇಳುತ್ತಿತ್ತು.

ಹೀಗಿರುವಾಗ ಪರಿಸರ ದಿನ ಬಂತು.

ಅಧ್ಯಕ್ಷ ರವಿರಾಜರೇ ಖುದ್ದು ಕಾಲೊನಿಗೆ ಬಂದರು. ಖುದ್ದು ಅಂದರೆ ಅಂಗಳದವರೆಗೆ ಅಲ್ಲ. ಕಾರು ನಿಲ್ಲಿಸಿ, ದಾರಿಯಲ್ಲೇ ನಿಂತು, ಹ್ವಾಯ್ ಚಂದು, ಬಾ ಇಲ್ಲಿ ಎಂದು ಕರೆದರು. ಹಲ್ಸಿನಬೆಟ್ಟು ಬೆಂಕಿಮುಕ್ತವಾದದ್ದನ್ನು ಘೋಷಿಸಲು ಜಿಲ್ಲೆಯಿಂದ ದೊಡ್ಡ ಅಧಿಕಾರಿ, ಮೇಡಂ ಒಬ್ಬರು ಬರುತ್ತಾರೆ. ಸಭೆ ಆದ ಮೇಲೆ ಪಂಚಾಯ್ತಿಯಿಂದ ಹೆದ್ದಾರಿವರೆಗೆ ಜಾಥಾ. ಮೇಡಂಗೆ ಜಾನಪದ ಅಂದರೆ ಪ್ರಾಣ, ಡೋಲು ಇರಲೇಬೇಕು. ಶಾಲು ಹೊದಿಸುತ್ತಾರೆ, ದಂಡದ ವಿಷಯವನ್ನೂ ನೋಡೋಣ ಎಂದರು. ಮಾತಾಡುತ್ತಿದ್ದಷ್ಟು ಹೊತ್ತೂ ಕರವಸ್ತ್ರ ಮೂಗಿನ ಮೇಲೆಯೇ ಇತ್ತು. ಇಬ್ಬನಿ ಇತ್ತಲ್ಲ, ಅದಕ್ಕೆ.

ಚಂದು, ಬತ್ತೆ ಎಂದ.

ಮಗಳು ರಮಿತಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಕುಂದಾಪುರದ ಗೇರುಬೀಜದ ಕಾರ್ಖಾನೆಯಲ್ಲಿ ಬೀಜದ ಸಿಪ್ಪೆ ಬಿಡಿಸುವ ಹುಡುಗಿ. ಬೆರಳೆಲ್ಲ ಗೇರೆಣ್ಣೆಗೆ ಸುಟ್ಟು ಕಪ್ಪಾಗಿದ್ದವು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಕಾರು ತಿರುಗಿದ ಕೂಡಲೇ ಅಪ್ಪನ ಮೇಲೆ ಎರಗಿದಳು.

“ನಾಚ್ಕಿ ಇಲ್ಯಾ ಅಪ್ಪಯ್ಯ ನಿಂಗೆ? ಅಬ್ಬಿ ಉಸ್ರ್ ಕಟ್ಟಿ ಸಾಯ್ತಾ ಇತ್ತ್. ನೀರ್ ಹೊಯ್ದವ್ರ್ ಕರೆದ್ರ್ ಅಂದೇಳಿ ಬಡೂಕ್ ಹೋತ್ಯಾ?”

“ಬತ್ತೆ ಅಂದೆ. ಬಡಿತೆ ಅಂದ್ನಾ?”

ರಮಿತಾ ಅಂದಿನಿಂದ ಅವನ ಜೊತೆ ಮಾತು ಬಿಟ್ಟಳು. ಜಲಜ ಮಾತ್ರ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳು, ಅವನು ಸುಮ್ಮನೆ ಹೂಂ ಅನ್ನುವ ಜಾತಿಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಪರಿಸರ ದಿನದ ನಸುಕಿಗೆ ಟಿಪ್ಪರು ಎರಡು ಸಲ ಬಂತು. ಮೇಡಂ ಬರುವ ದಿನ ಊರಲ್ಲಿ ಒಂದು ಚೂರೂ ಕಸ ಕಾಣಬಾರದೆಂದು ಶೆಡ್ಡು ಪೂರ್ತಿ ಗುಡಿಸಿ ತಂದು ಕೋರೆಗೆ ಸುರಿದು ಬೆಂಕಿ ಕೊಟ್ಟರು. ಪರಿಸರ ದಿನಕ್ಕೆ ಪರಿಸರ ಶುದ್ಧವಾಗಬೇಡವೇ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರೆ. ಇಲ್ಲಿ ಬದನೆಕಾಯಿ ತಿಂದವರು ತೊಟ್ಟನ್ನು ತಂದು ಕಾಲೊನಿಯ ಬಾಯಿಗೆ ತುರುಕಿದರು. ಜಲಜಳಿಗೆ ಆ ಬೆಳಿಗ್ಗೆ ಬಂದಂಥ ಕೆಮ್ಮು ಹಿಂದೆ ಬಂದಿರಲಿಲ್ಲ. ಉಸಿರು ಒಳಗೆ ಹೋಗದೆ ಕಣ್ಣು ಮೇಲಾದವು. ಚಂದು ಅವಳನ್ನು ಎತ್ತಿಕೊಂಡು ದಾರಿಯ ಆಚೆ, ಗಾಳಿ ಬರುವ ಕಡೆ ಕೂರಿಸಿ ಬೆನ್ನು ತಿಕ್ಕಿದ. ಅವಳ ಬೆನ್ನಿನ ಎಲುಬು ಒಂದೊಂದಾಗಿ ಅವನ ಕೈಗೆ ಸಿಕ್ಕವು. ಬಹಳ ಹೊತ್ತಿಗೆ ಅವಳು ಉಸಿರು ಎಳೆದುಕೊಂಡಳು. ರಮಿತಾಳ ಮಡಿಲಿಗೆ ಅವಳನ್ನು ಒರಗಿಸಿ, ಚಂದು ಒಳಗೆ ಹೋಗಿ ಡೋಲು ಹೆಗಲಿಗೆ ಹಾಕಿಕೊಂಡ.

ಪಂಚಾಯ್ತಿಯ ಮೈದಾನದಲ್ಲಿ ಶಾಮಿಯಾನ. ಬಾಳೆಕಂಬ. ಶಾಲೆಯ ಮಕ್ಕಳ ಕೈಯಲ್ಲಿ ರಟ್ಟಿನ ಫಲಕ. ಮೇಡಂ ಬಂದರು, ಎಣ್ಣೆ ಹೊಯ್ದ ದೊಡ್ಡ ದೀಪ ಹೊತ್ತಿಸಿ ಬೆಂಕಿಮುಕ್ತ ಕಾರ್ಯಕ್ರಮವನ್ನು ಉದ್ಘಾಟಿಸಿದರು. ಬಯಲಲ್ಲೇ. ಅದಕ್ಕೆ ಅರ್ಜಿ ಯಾರು ಕೊಟ್ಟಿದ್ದರೋ ಕಾಣೆ. ಆಮೇಲೆ ಅಧ್ಯಕ್ಷರು ಭಾಷಣ ಮಾಡಿದರು. ನಮ್ಮ ಊರಿನ ಗಾಳಿ ಔಷಧಿ ಇದ್ದ ಹಾಗೆ, ಎದೆ ತುಂಬ ಎಳೆದುಕೊಳ್ಳಿ ಮೇಡಂ ಎಂದರು. ಮೇಡಂ ಎಳೆದುಕೊಂಡರು. ಗಾಳಿ ಆ ಹೊತ್ತಿಗೆ ಕಾಲೊನಿಯ ಕಡೆಗೇ ಬೀಸುತ್ತಿತ್ತು, ಅದಕ್ಕೂ ಜಾತಿ ಗೊತ್ತಿತ್ತೋ ಏನೋ.

ಚಂದುವಿಗೆ ಶಾಮಿಯಾನದ ಹೊರಗೆ ನಿಲ್ಲಲು ಹೇಳಿದ್ದರು. ಜಾಥಾ ಹೊರಡುವ ಹೊತ್ತಿಗೆ ಕರೆದರು. ಅವನು ಮುಂದೆ ಬಂದು ಕೋಲು ಎತ್ತಿ ಬಡಿದ.

ದಬ್.

ಇನ್ನೊಂದು ಸಲ ಬಡಿದ. ದಬ್. ಹಿತ್ತಲಲ್ಲಿ ಹೆಂಗಸು ಕಂಬಳಿ ಒಗೆದ ಸದ್ದು. ಮಕ್ಕಳು ಕಿಸಕ್ಕೆಂದರು. ರವಿರಾಜರು ಹಲ್ಲು ಬಿಟ್ಟುಕೊಂಡೇ ಹತ್ತಿರ ಬಂದು, ಸದ್ದೇ ಬರುವುದಿಲ್ಲವಲ್ಲ, ಎಂಥ ಡೋಲು ತಂದಿದ್ದಿ ಎಂದು ತುಟಿಯೊಳಗೇ ಬೈದರು.

“ಕಾಯ್ಸ್ಕ್ ಅಧ್ಯಕ್ಷ್ರೆ. ಬೆಂಕಿ ಬೇಕ್.”

ಬೆಂಕಿ ಎಂಬ ಮಾತು ಕೇಳಿ ಅಲ್ಲಿದ್ದವರಿಗೆಲ್ಲ ಹಾವು ತುಳಿದ ಹಾಗಾಯಿತು. ಬೆಂಕಿಮುಕ್ತ ಘೋಷಣೆಯಾಗಿ ಇನ್ನೂ ಚಪ್ಪಾಳೆ ನಿಂತಿಲ್ಲ. ಬಿಸಿಲಿಗೆ ಹಿಡಿ ಎಂದು ಅಶೋಕ್ ಸಲಹೆ ಕೊಟ್ಟ. ಆಕಾಶದ ತುಂಬ ಮೋಡ. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಕರೆಂಟಿನ ಒಲೆ ಇದೆ ಎಂದು ಒಬ್ಬರು ನೆನಪಿಸಿದರು. ಕರೆಂಟು ಇರಲಿಲ್ಲ. ಸದಸ್ಯೆ ಚಂದ್ರಮತಿ ತಮ್ಮ ಮನೆಯಿಂದ ಕೂದಲು ಒಣಗಿಸುವ ಮಿಷನ್ ತರಿಸಬಹುದು ಎಂದರು, ಅದಕ್ಕೂ ಕರೆಂಟೇ ಬೇಕು. ಊರಿನ ಆಡಳಿತವೆಲ್ಲ ಒಂದು ಡೋಲಿನ ಸುತ್ತ ನಿಂತು ತಲೆ ಕೆರೆದುಕೊಂಡಿತು. ಇಷ್ಟು ಜನ ಒಟ್ಟಿಗೆ ನಿಂತು ಕಾಲೊನಿಯವನ ತೊಂದರೆಗೆ ಪರಿಹಾರ ಹುಡುಕಿದ್ದನ್ನು ಚಂದು ಮೊದಲ ಸಲ ಕಂಡದ್ದು.

ಕೊನೆಗೆ ರವಿರಾಜರು ಅವನ ಕಿವಿಯ ಹತ್ತಿರ ಬಾಯಿ ತಂದರು. ಆಫೀಸಿನ ಹಿಂದೆ ಹೋಗಿ ಯಾರಿಗೂ ಕಾಣದ ಹಾಗೆ ಒಂದು ಗರಿ ಹೊತ್ತಿಸಿ ಕಾಯಿಸಿಕೊಂಡು ಬಾ, ಏನೂ ಆಗುವುದಿಲ್ಲ, ನಾನಿದ್ದೇನೆ ಎಂದರು.

ಹಿಂದೆ. ಮತ್ತೆ ಹಿತ್ತಲು. ಅಪ್ಪ ಸೋಮ ಹಿತ್ತಲಲ್ಲಿ ಉಂಡದ್ದು, ತಾನು ಪೊಟ್ಟಣ ಬಿಚ್ಚಿದ್ದು, ಬೆನ್ನ ಮೇಲೆ ನೀರು ಸುರಿದದ್ದು, ಬೆಳಿಗ್ಗೆ ಕೈಗೆ ಸಿಕ್ಕ ಎಲುಬು, ಎಲ್ಲ ಒಟ್ಟಿಗೆ ಚಂದುವಿನ ನೆತ್ತಿಗೇರಿತು. ಅವನು ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಹಿಂದೆ ಹೋತಿಲ್ಲೆ. ಕದ್ದ್ ಹೊತ್ತ್ಸುದೂ ಇಲ್ಲೆ. ನಾ ಬೆಂಕಿ ಹಾಕಿರೆ ದಂಡ, ನೀರ್. ಪಂಚಾಯ್ತಿಯವ್ರೇ ಹೊತ್ತ್ಸಿದ್ ಬೆಂಕಿ ಒಂದಿತ್ತ್. ಅಲ್ಲಿಗ್ ಹೋಪ.”

ಹೇಳಿದವನೇ ಡೋಲು ಎದೆಗೆ ತಂದುಕೊಂಡು ನಡೆದ. ದಬ್, ದಬ್, ದಬ್. ಡೋಲು ಹೊರಟ ಮೇಲೆ ಕೇಳಬೇಕೇ? ಮಕ್ಕಳು ಹೊರಟರು. ಫಲಕ ಹೊರಟವು. ಬಯಲಲ್ಲಿ ಕಸ ಸುಡಬೇಡಿ, ಉಸಿರಿಗೆ ವಿಷ ಕೊಡಬೇಡಿ ಎಂಬ ಘೋಷಣೆ ಹೊರಟಿತು. ಮೇಡಂ ಕೂಡ ಚಪ್ಪಲಿ ಸರಿ ಮಾಡಿಕೊಂಡು ಹೊರಟರು. ಗೇಟು ದಾಟಿ ಹೆದ್ದಾರಿಗೆ ಎಡಕ್ಕೆ ತಿರುಗಬೇಕು. ಚಂದು ಬಲಕ್ಕೆ ತಿರುಗಿದ. ಊರು ಅವನ ಹಿಂದೆ ಬಲಕ್ಕೇ ತಿರುಗಿತು. ತಲೆತಲಾಂತರದ ಅಭ್ಯಾಸ, ಅಧ್ಯಕ್ಷರ ಒಂದು ಕೂಗಿಗೆ ಹೋಗುವಂಥದ್ದಲ್ಲ.

ರವಿರಾಜರು ಓಡಿಬಂದು ಮುಂದೆ ಅಡ್ಡ ನಿಲ್ಲುವುದರೊಳಗೆ ಮೇಡಂ, ಕಾಲೊನಿಗೂ ಭೇಟಿ ಇಟ್ಟಿದ್ದೀರಾ, ಬಹಳ ಒಳ್ಳೆಯದು ಎಂದರು. ಅಧ್ಯಕ್ಷರ ಬಾಯಿಂದ ಹೌದು ಎಂದೇ ಬಂತು. ಬೋರ್ಡಿನ ಮೇಲಿನ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು, ಕೈ ಮಾತ್ರ ಮುಗಿದಿರಲಿಲ್ಲ, ಬೆವರು ಒರೆಸುತ್ತಿತ್ತು.

ಕಾಲೊನಿಯ ದಾರಿಗೆ ಡಾಂಬರು ಇಲ್ಲ. ಮೇಡಂ ಕಲ್ಲು ಎಡವಿದರು. ಒಂದು ತಿರುವು ಕಳೆದಾಗ ವಾಸನೆ ಬಂತು. ಇನ್ನೊಂದು ತಿರುವಿಗೆ ಮಕ್ಕಳ ಘೋಷಣೆ ಕೆಮ್ಮಿನಲ್ಲಿ ಕಡಿಯಿತು. ಆಮೇಲೆ ಕೋರೆ ಕಂಡಿತು. ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಉರಿ. ಪ್ಲಾಸ್ಟಿಕ್ ಕರಗಿ ಇಳಿಯುತ್ತಿತ್ತು. ನಡುವೆ ‘ಸ್ವಚ್ಛ ಹಲ್ಸಿನಬೆಟ್ಟು’ ಎಂದು ಬರೆದ ಹಳೆಯ ಬ್ಯಾನರು ಮುದುಡಿಕೊಂಡು ಉರಿಯುತ್ತಿತ್ತು, ಅಧ್ಯಕ್ಷರ ಫೋಟೋ ಸಮೇತ.

ಚಂದು ಅಂಚಿಗೆ ಹೋಗಿ, ಗೇರಿನ ಒಣಕೊಂಬೆ ಉರಿಯುತ್ತಿದ್ದ ಕಡೆ ಕುಕ್ಕರಗಾಲಲ್ಲಿ ಕುಳಿತ. ಡೋಲಿನ ಮುಖ ಉರಿಗೆ ಹಿಡಿದ. ತಿರುಗಿಸಿದ. ಬೆರಳಲ್ಲಿ ತಟ್ಟಿದ. ಅವನಿಗೆ ಅವಸರವೇ ಇರಲಿಲ್ಲ. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ಹೊಗೆಗೋ ಮತ್ತೆಂತಕ್ಕೋ. ಜಿಲ್ಲೆ, ಪಂಚಾಯ್ತಿ, ಶಾಲೆ ಎಲ್ಲ ಅವನ ಹಿಂದೆ ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತವು. ಡೋಲು ಹೊರಡದೆ ಯಾರೂ ಹೊರಡುವ ಹಾಗಿಲ್ಲವಲ್ಲ. ಯಾರೋ ಮೊಬೈಲು ತೆಗೆದರು. ಅವರನ್ನು ಕಂಡು ಇನ್ನೂ ಹತ್ತು ಜನ ತೆಗೆದರು.

ಈ ಬೆಂಕಿ ಯಾರು ಹಾಕಿದ್ದು ಎಂದು ಮೇಡಂ ಕೆಮ್ಮುತ್ತ ಕೇಳಿದರು. ಯಾರೋ ಕಿಡಿಗೇಡಿಗಳು ಮೇಡಂ ಎಂದರು ರವಿರಾಜರು.

ದಾರಿಯ ಆಚೆ ಜಲಜ ಎದ್ದು ನಿಂತಿದ್ದಳು. ಮಗಳ ಹೆಗಲು ಹಿಡಿದುಕೊಂಡು ಹತ್ತಿರ ಬಂದಳು. ಅವಳ ದನಿ ದೊಡ್ಡದಲ್ಲ, ಉಸಿರಿಗೆ ಒಂದೊಂದೇ ಮಾತು ಬರುತ್ತಿತ್ತು.

“ಕಿಡಿಗೇಡಿ ದಿನಾ ಬತ್ತ್ ಅಮ್ಮ. ಟಿಪ್ಪರ್ ತಕಂಡ್ ಬತ್ತ್. ಟಿಪ್ಪರಗೆ ಪಂಚಾಯ್ತಿ ಹೆಸ್ರ್ ಬರ್ದಿತ್ತ್.”

ಆಮೇಲೆ ಕೆಮ್ಮು ಬಂತು. ಆ ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕೇಳಬೇಕಾಯಿತು.

ಆಗ ಚಂದು ಎದ್ದು ನಿಂತು ಬಡಿದ. ಈ ಸಲ ದಬ್ ಅಲ್ಲ. ಡೋಲು ಬಾಯಿ ಬಿಟ್ಟು ಕೂಗಿತು. ಕೋರೆಯ ಗೋಡೆಗೆ ಬಡಿದು ಆ ಸದ್ದು ನಾಲ್ಕು ಪಟ್ಟಾಗಿ ವಾಪಸು ಬಂತು. ಕೊಕ್ಕರ್ಣೆಯ ಅಂಗಳದಲ್ಲಿ ಬಡಿಯಬೇಕಾಗಿದ್ದ ಮದುವೆಯ ಪೆಟ್ಟನ್ನು ಅವನು ಅಲ್ಲಿ ಬಡಿದ. ಕಾಲೊನಿಯ ಮನೆಗಳಿಂದ ಹೆಂಗಸರು, ಮುದುಕರು ಹೊರಗೆ ಬಂದರು. ರಮಿತಾ ಅಪ್ಪನನ್ನು ನೋಡಿದಳು, ಮಾತು ಬಿಟ್ಟದ್ದು ಮರೆತು ನಕ್ಕಳು.

ಸಾಕು ಮಾರಾಯ, ನಿಲ್ಲಿಸು, ಜಾಥಾ ಹೊರಡಲಿ ಎಂದು ರವಿರಾಜರು ಕೈ ಹಿಡಿಯಲು ಬಂದರು. ಚಂದು ಕೋಲು ಎತ್ತಿದವನು ಎತ್ತಿಯೇ ಹಿಡಿದ. ಅಧ್ಯಕ್ಷರು ಹಿಂದೆ ಸರಿದರು.

“ನಾ ಹೊತ್ತ್ಸಲಿಲ್ಲೆ, ಕಾಯ್ಸಿದೆ ಅಷ್ಟೆ. ನೀವ್ ಇದನ್ನ ಆರ್ಸಿ. ಆರ್ದ್ ಮೇಲ್ ನಿಲ್ಸ್ತೆ. ಆರುವರಿಗೂ ಬಡಿತೆ. ಕೈ ಸೋತ್ರೆ ಮಗ್ಳ್ ಬಡಿತ್ತ್.”

ಮೇಡಂ ದೊಡ್ಡ ಮನಸ್ಸಿನವರೋ ಸಣ್ಣ ಮನಸ್ಸಿನವರೋ ಹೇಳಲಾಗುವುದಿಲ್ಲ. ಅವರ ಕಣ್ಣು ಉರಿಯುತ್ತಿತ್ತು, ಎದುರು ಹತ್ತು ಮೊಬೈಲು ಇದ್ದವು. ಎರಡರಲ್ಲಿ ಯಾವುದೋ ಒಂದು ಕೆಲಸ ಮಾಡಿತು. ಈಗಲೇ ಟ್ಯಾಂಕರ್ ತರಿಸಿ ಎಂದು ಗುಡುಗಿದರು. ಅಶೋಕ್ ಓಡಿದ. ಗಣಪ ಟ್ಯಾಂಕರು ತಂದ. ಅದೇ ಟ್ಯಾಂಕರು, ಅದೇ ಪೈಪು. ಈ ಸಲ ಗಣಪ ಹಿಂಜರಿಯಲಿಲ್ಲ, ಯಾರೂ ಗದರಬೇಕಾಗಲೂ ಇಲ್ಲ. ಒಂದು ಟ್ಯಾಂಕರಿಗೆ ಆರಲಿಲ್ಲ. ಮತ್ತೆ ಹೋಗಿ ತುಂಬಿಸಿ ಬಂತು. ಮತ್ತೆ ಹೋಯಿತು. ಪೈಪು ಹಿಡಿಯಲು ಜನ ಸಾಲದೆ ಅಶೋಕನೇ ಪ್ಯಾಂಟು ಮಡಚಿ ಬೂದಿಯ ಕೆಸರಿಗೆ ಇಳಿದ. ಹೊಸ ಬಿಳಿ ಅಂಗಿ. ಬರಿಗೈ. ಜಲಜ ಅದನ್ನೇ ನೋಡುತ್ತ ಕುಳಿತಳು. ಡೋಲು ನಿಲ್ಲಲಿಲ್ಲ. ಚಂದುವಿನ ಅಂಗೈ ಮತ್ತೆ ಸುಲಿದು ಕೋಲಿಗೆ ರಕ್ತ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಹೊಗೆಯೂ ಇಂಗಿದಾಗ ಅವನು ಕೋಲು ಕೆಳಗಿಟ್ಟ. ಜಾಥಾ ಹೆದ್ದಾರಿಗೆ ಹೋಗಲೇ ಇಲ್ಲ. ಶಾಲು ಯಾರ ಹೆಗಲಿಗೂ ಬೀಳಲಿಲ್ಲ. ಪಲಾವಿನ ಪೊಟ್ಟಣ ಮಾತ್ರ ಕಾಲೊನಿಯ ಅಂಗಳದಲ್ಲೇ ಹಂಚಿಕೆಯಾಯಿತು, ಸದಸ್ಯೆ ಚಂದ್ರಮತಿಯವರೂ ಅಲ್ಲೇ ಕಲ್ಲಿನ ಮೇಲೆ ಕುಳಿತು ತಿಂದರು. ಹಸಿವಿಗೆ ಮಡಿ ಮೈಲಿಗೆ ಗೊತ್ತಿಲ್ಲ.

ಜಾಥಾದ ದಾರಿ ತಪ್ಪಿಸಿದ್ದಕ್ಕೆ ಚಂದುವಿಗೆ ನೋಟಿಸು ಕೊಡಬೇಕೆಂದು ಮುಂದಿನ ಸಭೆಯಲ್ಲಿ ಮಾತಾಯಿತಂತೆ. ಯಾವ ಕಾನೂನಿನಲ್ಲಿ ಎಂದು ಹುಡುಕಿದರಂತೆ, ಸಿಗಲಿಲ್ಲವಂತೆ. ಊರಿಗೆಲ್ಲ ಕಸ ಸುಡಬೇಡಿ ಎನ್ನುವ ಕಾನೂನು ಮಾತ್ರ ಪುಟ ಪುಟದಲ್ಲೂ ಸಿಕ್ಕಿತಂತೆ.

ಮಳೆ ಆ ವರ್ಷ ತಡವಾಯಿತು. ಒಂದಷ್ಟು ದಿನ ಜಲಜ ಕಿಟಕಿ ತೆರೆದಿಟ್ಟು ಮಲಗಿದಳು. ಕಾಲೊನಿಯಲ್ಲಿ ಬೂತಾಯಿ ಮೀನಿನ ಸಾರಿಗೆ ಬೂತಾಯಿಯದೇ ವಾಸನೆ ಬಂತು. ಹಾಗಂತ ದೊಡ್ಡವರ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಒಂದು ಬೆಳಿಗ್ಗೆ ಕೋರೆಯ ಆಚೆ ಮೂಲೆಯಲ್ಲಿ ಮತ್ತೆ ಟಿಪ್ಪರಿನ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಇಬ್ಬನಿ ಎದ್ದಿತು.

ಚಂದು ಪಂಚಾಯ್ತಿಗೆ ಹೋಗಲಿಲ್ಲ, ಯಾರನ್ನೂ ಬೈಯಲಿಲ್ಲ. ಗೋಡೆಯ ಗೂಟದಿಂದ ಡೋಲು ಇಳಿಸಿಕೊಂಡು ಕೋರೆಯ ಅಂಚಿಗೆ ಹೋಗಿ, ಪಂಚಾಯ್ತಿ ಬೆಂಕಿಯ ಎದುರು ಕುಕ್ಕರಗಾಲಲ್ಲಿ ಕುಳಿತ. ಒಂದು ಬದಿ ಕಾಯಿಸಿದ, ಬೆರಳಲ್ಲಿ ತಟ್ಟಿದ. ಇನ್ನೊಂದು ಬದಿ ತಿರುಗಿಸಿದ.

ಈ ಸಲ ಚರ್ಮ ಪೂರ್ತಿ ಕಾಯುವ ಮೊದಲೇ ಟ್ಯಾಂಕರು ಬಂತು, ಪೈಪು ಕೋರೆಯ ಉರಿಯ ಕಡೆಗೆ ತಿರುಗಿತು.